ನಮ್ಮ ಸೈಟಿನ ಮೊದಲ ಹೆಸರು

ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿರೋ ನನ್ನ ಟೀಮಿನ ಅರ್ಧ ಜನಕ್ಕೆ ಆ ಮೂರಕ್ಷರ ಅಂದ್ರೆ ಮೂರು ಹಳ್ಳಿ ಅಂತ ಗೊತ್ತಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೇ 1948ರಲ್ಲಿ. ಅದಕ್ಕೆ ಮುಂಚೆ ಅಲ್ಲೂ ಹೊಲ, ತೋಪು, ಕೆರೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆ ಮೇಲೆ 1247ರ ಒಂದು ತಮಿಳು ಶಾಸನ ಇದೆ. ಬೆಂಗಳೂರಿನ ದೊಡ್ಡ ಕೆರೆ ಕೆಳಗಿನ ಜಮೀನನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಾಗ ಬೇಜಾರಾದ್ರೆ ಪಕ್ಕದಲ್ಲೇ ಇದೆ, ಹೋಗಿ ನೋಡ್ಬಹುದು.

ಇದೆಲ್ಲ ತಲೆಗೆ ಹತ್ತಿದ್ದು ಅಪ್ಪ ರಿಟೈರ್ ಆದ ಮೇಲೆ. ಕನಕಪುರ ರಸ್ತೆ ಕಡೆ ಒಂದು ಥರ್ಟಿ-ಫಾರ್ಟಿ ಸೈಟು ಅವರಿಗೆ ಇಷ್ಟ ಆಯ್ತು. ಪಿಎಫ್ ದುಡ್ಡು, ಅಮ್ಮನ ಚಿನ್ನ, ನನ್ನ ಲೋನು ಮೂರೂ ಸೇರಿದ್ರೆ ಬೆಲೆಗೆ ಸರಿಹೋಗ್ತಿತ್ತು. "ಪೇಪರ್ಸ್ ಎಲ್ಲಾ ಕ್ಲಿಯರ್ ಸಾರ್, ಮೂವತ್ತು ವರ್ಷದ ಇಸಿ ಇದೆ" ಅಂದ ಬ್ರೋಕರ್. ಇಸಿ ಸರಿಯಾಗೇ ಇತ್ತು. ಆದರೆ ತಾಯಿ ಪತ್ರ ಅಂತ ಕೊಟ್ಟಿದ್ದು 1983ರ ಒಂದು ಕ್ರಯಪತ್ರದ ಜೆರಾಕ್ಸ್. ಅದರ ಹಿಂದೆ ಏನು? ಕೋಡ್ ಬರೆಯೋರಿಗೆ ಈ ಚಟ ಇರತ್ತೆ. ಯಾವ ಸಾಲನ್ನು ಮೊದಲು ಯಾರು ಬರೆದರು ಅಂತ ನೋಡದೆ ನಿದ್ದೆ ಬರಲ್ಲ.

ಇಸಿ ಬಗ್ಗೆ ಒಂದು ಮಾತು. ಅದರಲ್ಲಿ ಬರೋದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ. 2004ರ ಏಪ್ರಿಲ್‌ನಿಂದ ಈಚೆಗಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗತ್ತೆ, ಅದಕ್ಕೂ ಹಳೆಯದಕ್ಕೆ ಕಚೇರಿಗೆ ಅರ್ಜಿ ಹಾಕಿ ದಪ್ಪ ಪುಸ್ತಕ ಹುಡುಕಿಸಬೇಕು. ಸರ್ಕಾರವೇ ಮಂಜೂರು ಮಾಡಿದ ಜಮೀನು ನೋಂದಣಿಯ ದಾರಿಯಲ್ಲಿ ಬಂದಿರಲ್ಲ, ಹಾಗಾಗಿ ಇಸಿಗೆ ಕಾಣಲ್ಲ. ಅದನ್ನು ತಾಲ್ಲೂಕು ಕಚೇರಿಯ ಮ್ಯುಟೇಷನ್ ರಿಜಿಸ್ಟರ್, ಕೈಬರಹದ ಪಹಣಿ, ಮಂಜೂರಾತಿ ಕಡತದಲ್ಲೇ ನೋಡಬೇಕು.

ಅಪ್ಪನ ಸ್ನೇಹಿತರೊಬ್ಬರು ರಿಟೈರ್ಡ್ ರೆವಿನ್ಯೂ ಇನ್‌ಸ್ಪೆಕ್ಟರ್. ನಾನು ಮೂರು ಸಲ ರಜೆ ಹಾಕಿ ತೆಗೆಸಿದ ನಕಲುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವರೇ ಓದಿದರು. ಗುಂಟೆ ಅಂದ್ರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲದ ಚೌಕ, 1,089 ಚದರಡಿ ಅಂತ ಅವತ್ತೇ ಕಲಿತಿದ್ದು. ನಲವತ್ತು ಗುಂಟೆಗೆ ಒಂದು ಎಕರೆ. ನಾವು ಸಾಲ ಮಾಡಿ ತಗೊಳ್ಳೋಕೆ ಹೊರಟಿದ್ದು ಗುಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

1983ರ ಪತ್ರದಲ್ಲಿ ಎರಡು ಎಕರೆ ಮಾರಾಟ ಆಗಿತ್ತು. ಒಟ್ಟು ಬೆಲೆ ಎಂಟು ಸಾವಿರ ರೂಪಾಯಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ದಾರಿ. ಆಮೇಲೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅನ್ನೋ ಅಷ್ಟಭೋಗಗಳ ಸಹಿತ ಕೊಟ್ಟಿದ್ದೇನೆ ಅನ್ನೋ ಒಕ್ಕಣೆ. ಶಾಸನಗಳ ಕಾಲದಿಂದ ಹರಿದು ಬಂದ ಮಾತಂತೆ ಅದು. ಕೆಳಗೆ ಮಾರಿದವರ ಎಡಗೈ ಹೆಬ್ಬೆಟ್ಟು.

ಮ್ಯುಟೇಷನ್ ಹಿಡಿದು ಹಿಂದೆ ಹೋದಾಗ 1966ರ ದರಖಾಸ್ತು ಮಂಜೂರಾತಿ ಸಿಕ್ಕಿತು. ಮಂಜೂರುದಾರರು ಪರಿಶಿಷ್ಟ ಜಾತಿಯವರು. ಹದಿನೈದು ವರ್ಷ ಪರಭಾರೆ ಮಾಡಕೂಡದು ಅಂತ ಷರತ್ತು.

"ಹದಿನೈದು ವರ್ಷ 1981ಕ್ಕೇ ಮುಗೀತಲ್ಲ ಅಂಕಲ್?" ಅಂದೆ.

"ಅದು ಮುಗೀತಪ್ಪಾ. ಆದ್ರೆ ಮಧ್ಯದಲ್ಲಿ ಪಿಟಿಸಿಎಲ್ ಬಂತಲ್ಲ" ಅಂದರು.

1978ರ ಆ ಕಾಯ್ದೆ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಶೂನ್ಯ. ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಹೋಗಬೇಕು. ತುಂಬಾ ತಡವಾಗಿ ಬಂದ ಅರ್ಜಿ ನಿಲ್ಲಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಇಲ್ಲ ಅಂತ ಮಾಡಿತು. ನಮ್ಮ ಕಡತದಲ್ಲಿ ಅನುಮತಿ ಪತ್ರ ಇರಲಿಲ್ಲ. ಮಾರುವವರನ್ನ ಕೇಳಿದೆವು, ಅವರ ಹತ್ತಿರವೂ ಇರಲಿಲ್ಲ. ವಕೀಲರು ಎರಡೇ ನಿಮಿಷದಲ್ಲಿ "ಬೇಡ" ಅಂದರು.

ಅಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಹುಡುಕಿದ್ದಕ್ಕೆ ನನ್ನ ಮೇಲೂ ಸ್ವಲ್ಪ ಸಿಟ್ಟು. ಅಕ್ಕಪಕ್ಕ ಆಗಲೇ ಮನೆ ಎದ್ದಿವೆ, ಮುಂದೆ ತುಳಸಿಕಟ್ಟೆ, ಮಕ್ಕಳ ಸೈಕಲ್ಲು, ಒಳಗೆ ಇಎಂಐ ಕಟ್ಟೋ ನಮ್ಮಂಥವರೇ. ಅವರನ್ನ ಮೋಸಗಾರರು ಅನ್ನೋಕೆ ನನಗೆ ಬಾಯಿ ಬರಲ್ಲ. ಹಾಗಂತ ನಾಳೆ ಯಾರೋ ಮೊಮ್ಮಗ ಅರ್ಜಿ ಹಾಕಿದರೆ "ದುಡ್ಡು ಕೀಳೋಕೆ ಬಂದ" ಅಂತ ಬ್ರೋಕರ್‌ಗಳು ಹೇಳೋದನ್ನೂ ಒಪ್ಪಲ್ಲ. ರಸ್ತೆಗೆ ಬಿಟ್ಟು ಉಳಿದದ್ದರಲ್ಲೂ ಆ ಎರಡು ಎಕರೆಯಲ್ಲಿ ನಲವತ್ತು ಸೈಟಾದರೂ ಆಗಿದೆ. ಒಂದೊಂದರ ಇವತ್ತಿನ ಬೆಲೆ ನಿಮಗೂ ಗೊತ್ತು. ಎಂಟು ಸಾವಿರಕ್ಕೆ ಅಷ್ಟಭೋಗವನ್ನೂ ಬಿಟ್ಟುಕೊಟ್ಟವರಿಗೆ ಆ ಪತ್ರವನ್ನು ಅವತ್ತು ಯಾರಾದರೂ ಓದಿ ಹೇಳಿದ್ದರೋ ಇಲ್ಲವೋ.

ನೀವು ಸೈಟು ನೋಡ್ತಾ ಇದ್ದರೆ ಇಸಿ ಜೊತೆಗೆ ಸರ್ವೆ ನಂಬರಿನ ಹಳೇ ಪಹಣಿ, ಮ್ಯುಟೇಷನ್ ನಕಲೂ ತೆಗೆಸಿ. ಜಮೀನು ಬಂದ ಬಗೆ ಅನ್ನೋ ಕಡೆ "ಮಂಜೂರು" ಅಂತ ಕಂಡರೆ ಅಡ್ವಾನ್ಸ್ ಕೊಡೋದನ್ನ ನಿಲ್ಲಿಸಿ, ಯಾರಿಗೆ, ಯಾವ ಷರತ್ತಿನ ಮೇಲೆ ಅಂತ ಮೂಲ ಕಡತ ಕೇಳಿ.

ಬ್ರೋಕರ್ ಹೋದ ವಾರ ಮತ್ತೆ ಫೋನ್ ಮಾಡಿದ್ದ. ರೇಟು ಎರಡು ಲಕ್ಷ ಇಳಿದಿದೆಯಂತೆ.