ಹೋರಿಗಿಲ್ಲದ ಪಾಪ ಹೆಣ್ಣನಾಯಿಗ್ಯಾಕ?

ನಮ್ಮ ಮುದ್ದೇಬಿಹಾಳದಾಗ ಮುದಕಿ ನಾಯಿಗೆ ರಕ್ತ ಸೋರಾಕತ್ತಿದ್ರ ಓಣಿಯವರೆಲ್ಲಾ ಹೇಳೂದು ಒಂದ ಮಾತು: ‘ಬೆದಿಗೆ ಬಂದಿರಬೇಕು, ಬಿಡ್ರಿ.’ ತಿಂಗಳಗಟ್ಟಲೆ ಬೆದಿ ಇರತೈತೇನ್ರೀ ಅಕ್ಕಾರ?

ನಾಯಿಗೆ ನಮ್ಮಂಗ ಮುಟ್ಟು ನಿಲ್ಲೂದಿಲ್ಲ, ಖರೆ. ಮುಪ್ಪಿನಾಗೂ ಬೆದಿ ಬರತೈತಿ. ಆದ್ರ ಅದು 2-3 ವಾರದ ಮಾತು. ಅದನ್ನ ಮೀರಿ ರಕ್ತ ಹೋದ್ರ, ಉಚ್ಚಿ ಹೊಯ್ಯಾಕ ತಿಣಕಿದ್ರ, ಒಳಗ ಗಡ್ಡಿ ಇರಬಹುದು, ಇಲ್ಲಾ ಗರ್ಭಚೀಲದಾಗ ಕೀವು ತುಂಬಿರಬಹುದು. ಅಲ್ಲಿ ಬೆಳೆಯೂ ಗಡ್ಡಿ ಬಾಳಷ್ಟು ಕ್ಯಾನ್ಸರ್ ಅಲ್ಲ, ತಗಿಸಿದ್ರ ನಾಯಿ ಉಳೀತೈತಿ. ಗಂಡನಾಯಿ ಕೂಡಿದಾಗ ಅಂಟೂ ಗಡ್ಡಿ ಬ್ಯಾರೆ, ಹೂಕೋಸಿನಂಗ ಕಾಣತೈತಿ. ಅದಕ್ಕ ಕೊಯ್ಯೂದು ಸೈತ ಬೇಕಾಗೂದಿಲ್ಲ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೆಲವು ವಾರ ಕೊಡಿಸಿದ್ರ ಬಾಳ ನಾಯಿ ಆರಾಮ ಆಗತಾವ. ನಾವು ಅರಿಷಿಣ ಹಚ್ಚಿ ಕೈ ತೊಳಕೋತೀವಿ.

‘ಸಣ್ಣಾಕಿದ್ದಾಗ ಆಪರೇಷನ್ ಮಾಡಸ್ರಿ’ ಅಂದ್ರ, ‘ಒಂದ್ಸಲ ತಾಯಿ ಆಗಲಿ, ಪಾಪ ಹತ್ತತೈತಿ’ ಅಂತೀರಿ. ಹೋರಿ ಬೀಜ ಒಡಸೂವಾಗ ಈ ಪಾಪ ಎಲ್ಲಿ ಹೋಗಿರತೈತ್ರಿ? ಎತ್ತು ಸುಮ್ಮ ಗಳೇ ಹೊಡೀಬೇಕಲ್ಲ, ಅದಕ್ಕ ಪಾಪ ಇಲ್ಲ! ಹುಟ್ಟಿದ ಹೆಣ್ಣಮರಿ ಚೀಲದಾಗ ತುಂಬಿ ಊರ ಹೊರಗ ಬಿಟ್ಟು ಬರೂದಕ್ಕೂ ಇಲ್ಲ!

ಮರಿ ಹಾಕಿದ್ರ ಗಡ್ಡಿ ಆಗೂದಿಲ್ಲ ಅನ್ನೂದು ಸುಳ್ಳು. ಗರ್ಭಚೀಲ, ಅಂಡಾಶಯ ತಗದ ಮ್ಯಾಲ ಅಲ್ಲಿ ಗಡ್ಡಿ ಬೆಳ್ಯಾಕ ಜಾಗಾನ ಇರೂದಿಲ್ಲ. ಮೊದಲನೇ ಬೆದಿಗಿಂತ ಮುಂಚೆ ಆದ್ರ ಮಲಿ ಗಡ್ಡಿನೂ ಬಾಳ ಕಡಿಮಿ.

ಈಗ ಸೋರಾಕತ್ತಿದ್ದ ಮುದಕೀನ ನಾಳೆನ ದನದ ದವಾಖಾನಿಗೆ ಒಯ್ರಿ. ರಕ್ತ ಯಾವತ್ತಿಂದ ಅಂತ ಡಾಕ್ಟರಿಗೆ ತಾರೀಖ ಹಿಡದು ಹೇಳ್ರಿ.