ಕಡಲಾಳದ ಚಿತ್ರಗಾರರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕೆ ನೀರೆಂದರೆ ಕೆರೆ. ಕೆರೆ ಕೋಡಿ ಬಿದ್ದ ವರ್ಷವೇ ಸುಭಿಕ್ಷದ ವರ್ಷ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಗೂ ಉತ್ತರ ಕನ್ನಡದ ಮುರುಡೇಶ್ವರಕ್ಕೂ ನಡುವೆ 500 ಕಿಲೋಮೀಟರಿಗೂ ಮಿಕ್ಕ ಹಾದಿಯುಂಟು. ಆದರೂ ಆಳಕ್ಕಿಳಿಯುವ ಸಾಹಸ ಈ ಜಿಲ್ಲೆಗೆ ಹೊಸದಲ್ಲ. ಚಿನ್ನದ ಗಣಿಯ ಕಾರ್ಮಿಕರು ಇಲ್ಲಿ ನೆಲದೊಳಕ್ಕೆ 3,000 ಮೀಟರಿಗೂ ಹೆಚ್ಚು ಇಳಿದು ದುಡಿದರು.

ಕಡಲಿನ ಆಳದ ಬಗೆಯೇ ಬೇರೆ. ಅಲ್ಲಿ ಕೇವಲ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟು, 20 ಮೀಟರಿಗೆ ಮೂರರಷ್ಟು. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ ಈ ಲೋಕಕ್ಕಿಳಿಯುವವರಿಗೆ ಕರ್ನಾಟಕದಲ್ಲಿ ಹೆಸರಾದ ತಾಣ ನೇತ್ರಾಣಿ ದ್ವೀಪ. ಮುರುಡೇಶ್ವರದ ತೀರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಪಯಣ. ಮಳೆಗಾಲ ಕಳೆದು ಕಡಲು ತಿಳಿಯಾದ ಬಳಿಕ ಈಜು ಬಾರದವರೂ ಶಿಕ್ಷಕರ ಆಸರೆಯಲ್ಲಿ ಕೆಲವು ಮೀಟರ್ ಇಳಿದು ಬರುವುದುಂಟು. ಹವಳದ ಬಂಡೆ, ಬಣ್ಣದ ಮೀನಿನ ಹಿಂಡು, ಕಡಲಾಮೆ, ಸಣ್ಣ ಜಾತಿಯ ಶಾರ್ಕುಗಳು ಅಲ್ಲಿನ ನಿವಾಸಿಗಳು. ಅಪರೂಪಕ್ಕೊಮ್ಮೆ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಸಹ ಹಾದುಹೋಗುತ್ತದೆ.

ಈ ನೋಟವನ್ನು ಚಿತ್ರದಲ್ಲಿ ಹಿಡಿಯುವುದು ಸುಲಭವಲ್ಲ. ಫ್ರಾನ್ಸಿನ ಲೂಯಿ ಬೂತಾನ್ ಎಂಬ ವಿಜ್ಞಾನಿ 1893ರಲ್ಲೇ ನೀರೊಳಗೆ ಛಾಯಾಚಿತ್ರ ತೆಗೆದಿದ್ದನು. ಅವನನ್ನು ಕಾಡಿದ ಬೆಳಕಿನ ತೊಡಕೇ ಇಂದಿನವರನ್ನೂ ಕಾಡುತ್ತದೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವು ಮೀಟರ್ ಇಳಿಯುವುದರೊಳಗೆ ಕೆಂಪು ಮಾಸಿ, ಇನ್ನೂ ಕೆಳಗೆ ಎಲ್ಲವೂ ನೀಲಿ-ಹಸಿರಾಗಿ ತೋರುತ್ತದೆ. ಬೆರಳು ಗೀರಿದರೆ ರಕ್ತವೂ ಹಸಿರು! ದೀಪದ ಬೆಳಕು ಬಿದ್ದಾಗ ಮಾತ್ರ ಮೀನಿನ ನಿಜವಾದ ಬಣ್ಣ ಹೊರಬೀಳುತ್ತದೆ. ಆ ದೀಪವನ್ನು ಕ್ಯಾಮರಾದ ಪಕ್ಕದಲ್ಲೇ ಹಿಡಿದರೆ ಮತ್ತೊಂದು ಪೇಚು. ಮಾಲೂರಿನ ಹೆಂಚಿನ ಮನೆಯಲ್ಲಿ ಸಂದಿನಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿನುಗುವಂತೆ, ನೀರಿನ ಕಸವೆಲ್ಲ ಬೆಳಗಿ ಚಿತ್ರ ಚುಕ್ಕೆಮಯವಾಗುತ್ತದೆ. ಆದುದರಿಂದ ಬಲ್ಲವರು ದೀಪವನ್ನು ಓರೆಯಾಗಿ ದೂರ ಹಿಡಿದು, ತಾವು ಮೀನಿನ ಸಮೀಪ ಸಾರುತ್ತಾರೆ.

ತಿಮಿಂಗಿಲ ಶಾರ್ಕಿನ ಮುಂದೆ ಮಾತ್ರ ಸಂಯಮವೇ ಮುಖ್ಯ. ಮಿಂಚುದೀಪ ಬೆಳಗಿಸಬಾರದು, ಮುಟ್ಟಬಾರದು, ಕೆಲವು ಮೀಟರ್ ದೂರವನ್ನು ಬಿಡಬಾರದು. 12 ಮೀಟರ್ ಉದ್ದಕ್ಕೂ ಮೀರಿ ಬೆಳೆಯಬಲ್ಲ ಈ ಜೀವಿಗೆ ಮನುಷ್ಯನ ಮಾಂಸ ಬೇಡ. ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಬದುಕುವ ಸಾಧು ಪ್ರಾಣಿ ಅದು. ಹೆದರಬೇಕಾದುದು ಅದೇ ಹೊರತು ಮನುಷ್ಯನಲ್ಲ. ಅದರ ಪಿತ್ತಜನಕಾಂಗದ ಎಣ್ಣೆಗಾಗಿ, ಮಾಂಸಕ್ಕಾಗಿ ಗುಜರಾತಿನ ಕರಾವಳಿಯಲ್ಲಿ ಒಂದು ಕಾಲಕ್ಕೆ ಅದನ್ನು ನಿರ್ದಯವಾಗಿ ಬೇಟೆಯಾಡಿದರು. ಆ ವಧೆಯನ್ನು ಮೈಕ್ ಪಾಂಡೆಯವರು ಚಿತ್ರೀಕರಿಸಿ, 2000ದಲ್ಲಿ 'ಷೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರವನ್ನು ಲೋಕದ ಮುಂದಿಟ್ಟರು. ಮರುವರ್ಷವೇ ಭಾರತ ಸರ್ಕಾರ ಈ ಮೀನನ್ನು ಹುಲಿ, ಆನೆಗಳ ಸಾಲಿನಲ್ಲಿ ಸೇರಿಸಿ ಕಾನೂನಿನ ರಕ್ಷಣೆ ನೀಡಿತು. ಮುಂದೆ ಅದೇ ಕರಾವಳಿಯ ಬೆಸ್ತರು ಬಲೆಗೆ ಸಿಕ್ಕ ಶಾರ್ಕುಗಳನ್ನು, ತಮ್ಮ ಬಲೆಯನ್ನೇ ಕತ್ತರಿಸಿ, ಕಡಲಿಗೆ ಬಿಟ್ಟುಕೊಟ್ಟರು.

ಪ್ರವಾಸಿಗರು ತೆಗೆದ ಚಿತ್ರವೂ ವ್ಯರ್ಥವಲ್ಲ. ಮನುಷ್ಯನ ಬೆರಳಗುರುತಿನಂತೆ ಪ್ರತಿಯೊಂದು ತಿಮಿಂಗಿಲ ಶಾರ್ಕಿನ ಮೈಮೇಲಿನ ಬಿಳಿ ಚುಕ್ಕೆಗಳ ವಿನ್ಯಾಸವೂ ಭಿನ್ನ. ಆಕಾಶದ ನಕ್ಷತ್ರಗಳ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಲು ಖಗೋಳಜ್ಞರು ಬಳಸುತ್ತಿದ್ದ ಗಣಿತ ವಿಧಾನವನ್ನು ಸಂಶೋಧಕರು ಈ ಚುಕ್ಕೆಗಳಿಗೆ ಅಳವಡಿಸಿ 2005ರಲ್ಲಿ ಪ್ರಕಟಿಸಿದರು. ಒಬ್ಬರು ಒಂದೆಡೆ ತೆಗೆದ ಚಿತ್ರದಿಂದ, ಅದೇ ಮೀನು ವರ್ಷಗಳ ಬಳಿಕ ಎಲ್ಲಿ ಕಂಡಿತೆಂದು ತಿಳಿಯಲು ಸಾಧ್ಯವಾಯಿತು.

ಕೋಲಾರದ ಸೀಮೆಯಿಂದ ನೇತ್ರಾಣಿಗೆ ಹೋಗುವವರು ಒಂದು ಮಾತನ್ನು ಮರೆಯಬಾರದು. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಕಾಲ ಬೇಕು. ಅವಸರದಿಂದ ಎತ್ತರಕ್ಕೇರಿದರೆ ಅದು ಗುಳ್ಳೆಯಾಗಿ ಅಪಾಯ ತರಬಹುದು. ಕೋಲಾರವಿರುವುದು ಕಡಲಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿ. ಆದಕಾರಣ ಮುಳುಗಿ ಎದ್ದ ದಿನವೇ ಘಟ್ಟ ಹತ್ತದೆ, ಒಂದು ರಾತ್ರಿ ಕಡಲ ತಡಿಯಲ್ಲಿ ವಿಶ್ರಮಿಸಿ ಹೊರಡುವುದು ಕ್ಷೇಮ.

ತಿಮಿಂಗಿಲ ಶಾರ್ಕಿಗೆ ಅಭಯ ದೊರೆತ 2001ನೆಯ ಇಸವಿ ಕೋಲಾರದವರಿಗೆ ಬೇರೊಂದು ಕಾರಣಕ್ಕೆ ನೆನಪು. ಚಿನ್ನದ ಗಣಿಗಳು ಮುಚ್ಚಿದ್ದು ಆ ವರ್ಷವೇ. ಅಗೆದು ತೆಗೆದ ಚಿನ್ನ ಮತ್ತೆ ಹುಟ್ಟಲಿಲ್ಲ. ಕಡಲಾಳದಿಂದ ಚಿತ್ರವನ್ನಷ್ಟೇ ಮೇಲೆ ತಂದವರು ಅಲ್ಲಿನ ಐಶ್ವರ್ಯವನ್ನು ಮುಂದೆ ಬರುವವರಿಗಾಗಿ ಅಲ್ಲಿಯೇ ಉಳಿಸಿ ಬಂದಿರುತ್ತಾರೆ.