ಕೊಡುವ ಸೇರು, ಕೊಳ್ಳುವ ಸೇರು

2023ರ ಸೆಪ್ಟೆಂಬರ್ 26ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಮುಷ್ಕರ ಹೂಡಿದ್ದ ಕಾರು ಕಂಪನಿಯ ಕಾರ್ಮಿಕರ ಜೊತೆ ನಿಂತು ಕೈಮೈಕು ಹಿಡಿದರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಮುಷ್ಕರದ ಸಾಲಿಗೆ ಬಂದದ್ದು ಅದೇ ಮೊದಲು. ಅದೇ ದಿನ ನ್ಯೂಯಾರ್ಕಿನ ನ್ಯಾಯಾಧೀಶ ಆರ್ಥರ್ ಎಂಗೊರಾನ್, ಆಗ ಮಾಜಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ವರ್ಷಾನುಗಟ್ಟಲೆ ಬ್ಯಾಂಕುಗಳಿಗೆ, ವಿಮಾ ಕಂಪನಿಗಳಿಗೆ ಆಸ್ತಿಯ ಸುಳ್ಳು ಲೆಕ್ಕ ಕೊಟ್ಟು ವಂಚಿಸಿದ್ದಾರೆಂದು ದಾಖಲೆಗಳ ಬಲದ ಮೇಲೆಯೇ, ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ, ತೀರ್ಮಾನಿಸಿದರು. ಮರುದಿನ ಟ್ರಂಪ್ ಅದೇ ಮಿಷಿಗನ್ನಿಗೆ ಹೋಗಿ, ಕಾರ್ಮಿಕ ಸಂಘವೇ ಇಲ್ಲದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಿಂತು, ದುಡಿಯುವವರ ಪರ ಇರುವವನು ತಾನೇ ಎಂದು ಭಾಷಣ ಮಾಡಿದರು. ಪತ್ರಿಕೆಗಳು ಈ ಮೂರನ್ನೂ ಬೇರೆ ಬೇರೆ ಸುದ್ದಿಯಾಗಿ ಹಾಕಿದವು. ಮೂರನ್ನೂ ಒಂದೇ ಸುದ್ದಿಯಾಗಿ ಓದಬೇಕು ಎಂಬುದು ನನ್ನ ವಾದ. ತನ್ನಲ್ಲಿರುವುದರ ಬೆಲೆಯನ್ನು ತಾನೇ ಹೇಳಿ ಇತರರು ನಂಬುವಂತೆ ಮಾಡುವ ಅನುಕೂಲ ಯಾರಿಗಿದೆ, ಯಾರಿಗಿಲ್ಲ ಎಂಬ ಪ್ರಶ್ನೆ ಮೂರರ ಹೊಟ್ಟೆಯಲ್ಲೂ ಇದೆ. ಹಿಂದೆ ಕೆಲವು ಸಾಹುಕಾರರ ಮನೆಯಲ್ಲಿ ಕಾಳು ಕೊಡುವುದಕ್ಕೊಂದು ಸೇರು, ಅಳೆದುಕೊಳ್ಳುವುದಕ್ಕೆ ಇನ್ನೊಂದು ಸೇರು ಇರುತ್ತಿತ್ತು ಎನ್ನುತ್ತಾರೆ. ರೈತನಿಗೆ ಕಾಳು ಕಡಿಮೆ ಬಂದದ್ದಕ್ಕಿಂತ ಸೇರು ಎರಡಿದೆ ಎಂದು ತಿಳಿದಾಗ ಹೆಚ್ಚು ಸಿಟ್ಟು ಬರುತ್ತಿತ್ತು. ಅಮೆರಿಕದ ದುಡಿಯುವವರ ಅತೃಪ್ತಿಯೂ ಇದೇ ಬಗೆಯದು.

ಮೊದಲು ಮೊಕದ್ದಮೆಯನ್ನೇ ನೋಡೋಣ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ 2022ರ ಸೆಪ್ಟೆಂಬರ್‌ನಲ್ಲಿ ಹೂಡಿದ ಸಿವಿಲ್ ದಾವೆ ಇದು. ಜೈಲಿನ ಮಾತು ಇದರಲ್ಲಿಲ್ಲ. ಟ್ರಂಪ್ ಪ್ರತಿವರ್ಷ ತಮ್ಮ ಆಸ್ತಿಪಾಸ್ತಿಯ ವಿವರಪಟ್ಟಿಯೊಂದನ್ನು ಸಿದ್ಧಪಡಿಸಿ ಸಾಲ ಕೊಡುವವರಿಗೆ ಸಲ್ಲಿಸುತ್ತಿದ್ದರು. ಆ ಪಟ್ಟಿಯಲ್ಲಿ ಮ್ಯಾನ್‌ಹ್ಯಾಟನ್ನಿನ ಟ್ರಂಪ್ ಟವರ್‌ನ ತುದಿಯಲ್ಲಿರುವ ಅವರದೇ ಮೂರಂತಸ್ತಿನ ಮನೆಯೂ ಇತ್ತು. ಅದರ ನಿಜವಾದ ವಿಸ್ತೀರ್ಣ 10,996 ಚದರ ಅಡಿ. ಈ ಅಂಕಿಯಿದ್ದ 1994ರ ದಾಖಲೆಗೆ ಅವರೇ ಸಹಿ ಹಾಕಿದ್ದರು. ಪಟ್ಟಿಯಲ್ಲಿ ಮಾತ್ರ ಅದು 30,000 ಚದರ ಅಡಿಯಾಗಿ, 2015ರ ಹೊತ್ತಿಗೆ 32.7 ಕೋಟಿ ಡಾಲರ್ ಬೆಲೆಯ ಮನೆಯಾಗಿತ್ತು. 2017ರಲ್ಲಿ ಫೋರ್ಬ್ಸ್ ಪತ್ರಿಕೆ ಇದನ್ನು ಬಯಲಿಗೆಳೆದ ಮೇಲೆ ಮುಂದಿನ ಪಟ್ಟಿಯಲ್ಲಿ ಬೆಲೆ ಒಮ್ಮೆಲೇ 11.68 ಕೋಟಿಗೆ ಇಳಿಯಿತು. ವಿಸ್ತೀರ್ಣದ ಲೆಕ್ಕ ಅಳೆಯುವವರ ದೃಷ್ಟಿಗೆ ತಕ್ಕಂತೆ ಬದಲಾಗಬಹುದು ಎಂದು ಟ್ರಂಪ್ ವಕೀಲರು ವಾದಿಸಿದರು. ನೂರು ಇನ್ನೂರು ಅಡಿಯ ವ್ಯತ್ಯಾಸವಾದರೆ ಒಪ್ಪಬಹುದಿತ್ತು. ದಶಕಗಳ ಕಾಲ ತಾನು ಮಲಗಿ ಎದ್ದ ಮನೆಯನ್ನು ಸುಮಾರು ಮೂರು ಪಟ್ಟು ಹಿಗ್ಗಿಸುವುದು ಯಾವ ದೃಷ್ಟಿಯಿಂದಲೂ ಅಭಿಪ್ರಾಯಭೇದವಲ್ಲ.

ಉಳಿದ ಉದಾಹರಣೆಗಳು ಇನ್ನೂ ಹೆಚ್ಚು ಹೇಳುತ್ತವೆ. ಟ್ರಂಪ್ ಪಾರ್ಕ್ ಅವೆನ್ಯೂ ಎಂಬ ಕಟ್ಟಡದಲ್ಲಿ ಬಾಡಿಗೆ ನಿಯಂತ್ರಣ ಕಾನೂನಿಗೆ ಒಳಪಟ್ಟ ಹನ್ನೆರಡು ಮನೆಗಳಿದ್ದವು. ಬಾಡಿಗೆದಾರರನ್ನು ಸುಲಭವಾಗಿ ಎಬ್ಬಿಸಲಾಗದ ಕಾರಣ ಆ ಹನ್ನೆರಡೂ ಸೇರಿ 7.5 ಲಕ್ಷ ಡಾಲರ್ ಬಾಳುತ್ತವೆ ಎಂದು 2010ರಲ್ಲಿ ಹೊರಗಿನ ಮೌಲ್ಯಮಾಪಕರು ಹೇಳಿದ್ದರು. ಮರುವರ್ಷದ ಪಟ್ಟಿಯಲ್ಲಿ ಅವುಗಳ ಬೆಲೆ ಸುಮಾರು 5 ಕೋಟಿ ಡಾಲರ್. ಆ ಮನೆಗಳಲ್ಲಿ ವಾಸವಿದ್ದವರ ಕಾನೂನುಬದ್ಧ ಹಕ್ಕು ಲೆಕ್ಕದ ಪುಸ್ತಕದಿಂದಲೇ ಮಾಯ. ಫ್ಲಾರಿಡಾದ ಮಾರ್-ಎ-ಲಾಗೋ ಆಸ್ತಿಯದು ಬೇರೆ ಕಥೆ. ಅದನ್ನು ಕ್ಲಬ್ ಆಗಿ ಮಾತ್ರ ಬಳಸುವುದಾಗಿ 2002ರಲ್ಲಿ ಟ್ರಂಪ್ ಕರಾರು ಬರೆದುಕೊಟ್ಟಿದ್ದರು, ಆಸ್ತಿ ತೆರಿಗೆಯೂ ಕ್ಲಬ್ಬಿನ ಲೆಕ್ಕದಲ್ಲೇ ಬೀಳುತ್ತಿತ್ತು. ಬ್ಯಾಂಕಿಗೆ ತೋರಿಸುವಾಗ ಮಾತ್ರ ಯಾವ ನಿರ್ಬಂಧವೂ ಇಲ್ಲದ ಖಾಸಗಿ ಬಂಗಲೆಯೆಂದು 42 ಕೋಟಿಯಿಂದ 61 ಕೋಟಿ ಡಾಲರ್‌ವರೆಗೆ ಬೆಲೆ ಕಟ್ಟಿದರು. ಕೌಂಟಿಯ ತೆರಿಗೆ ಅಧಿಕಾರಿ ಕಟ್ಟಿದ್ದ ಬೆಲೆ 1.8 ಕೋಟಿಯಿಂದ 2.76 ಕೋಟಿ. ತೆರಿಗೆ ಅಧಿಕಾರಿಯ ಅಂದಾಜು ಮಾರುಕಟ್ಟೆ ಬೆಲೆಯಲ್ಲ, ಸಮುದ್ರ ತೀರದ ಅಂಥ ಜಾಗ ಅಷ್ಟು ಅಗ್ಗಕ್ಕೆ ಯಾರಿಗೂ ಸಿಗದು ಎಂದು ಟ್ರಂಪ್ ಬೆಂಬಲಿಗರು ಹೇಳುವುದು ಸರಿಯೇ. ಆದರೆ ತೆರಿಗೆಯ ಮುಂದೆ ಕ್ಲಬ್, ಸಾಲದ ಮುಂದೆ ಬಂಗಲೆ ಎಂದು ಒಂದೇ ಆಸ್ತಿಗೆ ಎರಡು ಸೇರು ಇಟ್ಟುಕೊಂಡದ್ದಕ್ಕೆ ಈ ಮಾತು ಉತ್ತರವಾಗುವುದಿಲ್ಲ.

ಇದೆಲ್ಲದರಿಂದ ಯಾರಿಗೆ ನಷ್ಟವಾಯಿತು ಎಂಬುದು ಟ್ರಂಪ್ ಪಾಳೆಯದ ಬಲವಾದ ಆಕ್ಷೇಪ. ಸಾಲ ಬಡ್ಡಿಸಮೇತ ತೀರಿದೆ. ಅವರಿಗೆ ಸಾಲ ಕೊಟ್ಟ ಡಾಯ್ಚ ಬ್ಯಾಂಕಿನಂಥ ಸಂಸ್ಥೆ ಗ್ರಾಹಕರ ಅಂಕಿಯನ್ನು ಕಣ್ಮುಚ್ಚಿ ನಂಬುವುದಿಲ್ಲ, ತಾನೇ ಕಡಿತ ಮಾಡಿ ಲೆಕ್ಕ ಹಾಕುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ವ್ಯವಹಾರ ನಡೆದ ರೀತಿಯನ್ನು ಗಮನಿಸಬೇಕು. ಹೋಟೆಲು, ಗಾಲ್ಫ್ ಮೈದಾನಗಳಿಗೆ ಸಿಗುವ ಮಾಮೂಲಿ ವಾಣಿಜ್ಯ ಸಾಲದ ಬಡ್ಡಿ ಹೆಚ್ಚು. ಮಾಲೀಕ ತನ್ನ ವೈಯಕ್ತಿಕ ಸಂಪತ್ತನ್ನೇ ಜಾಮೀನಾಗಿ ಇಟ್ಟರೆ ಬಡ್ಡಿ ಇಳಿಯುತ್ತದೆ. ಟ್ರಂಪ್‌ಗೆ ಬಡ್ಡಿ ಇಳಿದದ್ದು ಈ ಜಾಮೀನಿನ ಬಲದಿಂದ, ಜಾಮೀನಿಗೆ ತೂಕ ಬಂದದ್ದು ಉಬ್ಬಿಸಿದ ಪಟ್ಟಿಯಿಂದ. ಹೀಗೆ ಉಳಿದ ಬಡ್ಡಿ ಸುಮಾರು 16.8 ಕೋಟಿ ಡಾಲರ್ ಎಂದು ಸರ್ಕಾರದ ಕಡೆಯ ತಜ್ಞರು ಲೆಕ್ಕ ಕೊಟ್ಟರು. ಅದೇ ಬ್ಯಾಂಕಿನ ಮುಂದೆ ಸರಿಯಾದ ಲೆಕ್ಕ ಹಿಡಿದು ಹೋದ ಇನ್ನೊಬ್ಬ ಉದ್ಯಮಿ ಹೆಚ್ಚು ಬಡ್ಡಿ ಕಟ್ಟಿರುತ್ತಾನೆ. ಅವನ ಹೆಸರು ಯಾವ ದಾವೆಯಲ್ಲೂ ಬರುವುದಿಲ್ಲ. ಈ ಆಕ್ಷೇಪವನ್ನು ಕೆಳಗಿನವರಿಗೂ ಅನ್ವಯಿಸಿ ನೋಡಿದರೆ ಅದರ ಪೊಳ್ಳು ತಿಳಿಯುತ್ತದೆ. ಎಂಟು ಗಂಟೆ ದುಡಿದು ಹಾಜರಿ ಪುಸ್ತಕದಲ್ಲಿ ಹತ್ತು ಗಂಟೆ ಎಂದು ಬರೆದ ಕಾರ್ಮಿಕ ಸಿಕ್ಕಿಬಿದ್ದರೆ, ಕಂಪನಿಗೆ ಹೇಗೂ ಲಾಭವಾಗಿದೆಯಲ್ಲ, ಯಾರಿಗೂ ನಷ್ಟವಿಲ್ಲ ಎಂದು ಯಾವ ಮ್ಯಾನೇಜರೂ ಸುಮ್ಮನಾಗುವುದಿಲ್ಲ. ಅಂದೇ ಸಂಜೆ ಅವನ ಕೆಲಸ ಹೋಗುತ್ತದೆ.

ದುಡಿಯುವವರ ಕಡೆಯ ಅಳತೆ ಎಷ್ಟು ಬಿಗಿ ಎಂಬುದಕ್ಕೆ ಅಮೆಜಾನ್ ಗೋದಾಮುಗಳನ್ನು ನೋಡಬೇಕು. ಅಲ್ಲಿ ಕೈಯಲ್ಲಿ ಹಿಡಿದ ಸ್ಕ್ಯಾನರ್ರೇ ಮೇಸ್ತ್ರಿ. ಒಂದು ಸಾಮಾನಿನ ಮೇಲೆ ಅದನ್ನು ಹಾಯಿಸಿದ ಮೇಲೆ ಮುಂದಿನದರ ಮೇಲೆ ಹಾಯಿಸುವವರೆಗಿನ ಹೊತ್ತು ದಾಖಲಾಗುತ್ತದೆ. ಅಂತರ ಹೆಚ್ಚಾದರೆ ಅದು ಕೆಲಸದಿಂದ ತಪ್ಪಿಸಿಕೊಂಡ ಹೊತ್ತು ಎಂದು ಹೆಸರಿನೆದುರು ಬೀಳುತ್ತದೆ. ಅದೇ ಗೋದಾಮುಗಳಲ್ಲಿ ಪಾಳಿ ಮುಗಿಸಿ ಹೊರಡುವವರು ಕಳ್ಳತನದ ತಪಾಸಣೆಗೆ ಸಾಲು ನಿಲ್ಲಬೇಕಿತ್ತು. ದಿನಾ ಸುಮಾರು 25 ನಿಮಿಷ ಹೋಗುತ್ತದೆ, ಅದಕ್ಕೂ ಕೂಲಿ ಕೊಡಿ ಎಂದು ನೆವಾಡಾದ ಗುತ್ತಿಗೆ ನೌಕರರು ಕೇಳಿದರು. ಆ ಹೊತ್ತು ಕೆಲಸದ ಭಾಗವಲ್ಲ, ಸಂಯುಕ್ತ (ಇಡೀ ದೇಶಕ್ಕೆ ಅನ್ವಯಿಸುವ) ಕಾನೂನಿನ ಪ್ರಕಾರ ಕೂಲಿ ಕೊಡಬೇಕಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಮಾಲೀಕರ ಲೆಕ್ಕಕ್ಕೆ ಸೆಕೆಂಡೂ ಉಂಟು, ನೌಕರರ ಲೆಕ್ಕಕ್ಕೆ ಅರ್ಧ ಗಂಟೆಯೂ ಇಲ್ಲ.

ಡೆಟ್ರಾಯಿಟ್‌ನ ಕಾರು ಕಾರ್ಮಿಕರ ಮುಷ್ಕರದಲ್ಲೂ ಇದೇ ನೋವಿತ್ತು. 2008-09ರ ಕುಸಿತದಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿಯೆದ್ದಾಗ ಕಾರ್ಮಿಕ ಸಂಘ ತುಟ್ಟಿಭತ್ಯೆ ಬಿಟ್ಟುಕೊಟ್ಟಿತು. ಹೊಸಬರಿಗೆ ಕಡಿಮೆ ಸಂಬಳ, ಖಚಿತ ಪಿಂಚಣಿ ಇಲ್ಲ ಎಂಬ ಪದ್ಧತಿ ಅದಕ್ಕೂ ಮುಂಚೆ, 2007ರಲ್ಲೇ ಬಂದಿತ್ತು. ಕಷ್ಟಕಾಲಕ್ಕೆಂದು ಒಪ್ಪಿದ ಕರಾರು ಒಳ್ಳೆಯ ಕಾಲ ಬಂದರೂ ಮುಂದುವರಿಯಿತು. 2013ರಿಂದ 2022ರವರೆಗೆ ಮೂರು ದೊಡ್ಡ ಕಾರು ಕಂಪನಿಗಳ ಲಾಭ ಸುಮಾರು 25,000 ಕೋಟಿ ಡಾಲರ್. ಒಂದೇ ಲೈನಿನಲ್ಲಿ, ಒಂದೇ ಬಾಗಿಲಿಗೆ ಒಂದೇ ಬೋಲ್ಟು ಬಿಗಿಯುವ ಇಬ್ಬರಲ್ಲಿ ಕಾಯಂ ನೌಕರನಿಗೆ ಗಂಟೆಗೆ 32 ಡಾಲರ್, ಹಂಗಾಮಿಯವನಿಗೆ 17ರ ಆಸುಪಾಸು. ಬೆಲೆಯೇರಿಕೆ ಎಲ್ಲರ ಮನೆಗೂ ಬರುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಪಕ್ಕದಲ್ಲಿ ನಿಂತವನ ಕೈಗೂ ತನ್ನ ಕೈಗೂ ಬೇರೆ ಬೆಲೆ ಎಂಬುದನ್ನು ದಿನಾ ನೋಡುತ್ತ ಸಹಿಸುವುದು ಕಷ್ಟ. ಶಾನ್ ಫೇನ್ ಮುಂದಾಳತ್ವದ ಸಂಘ ಮೂರೂ ಕಂಪನಿಗಳ ವಿರುದ್ಧ ಒಟ್ಟಿಗೇ ಮುಷ್ಕರ ಹೂಡಿ ಆರು ವಾರಗಳಲ್ಲಿ ಶೇ 25ರ ವೇತನ ಹೆಚ್ಚಳ ಪಡೆಯಿತು, ತುಟ್ಟಿಭತ್ಯೆ ಮರಳಿ ಬಂತು, ಪೂರ್ಣ ಸಂಬಳ ಮುಟ್ಟಲು ಎಂಟು ವರ್ಷ ಕಾಯಬೇಕಿದ್ದದ್ದು ಮೂರಕ್ಕೆ ಇಳಿಯಿತು. ಅದೇ ವರ್ಷ ಹಾಲಿವುಡ್ಡಿನ ಬರಹಗಾರರು, ನಟರು, ಕೈಸರ್ ಆಸ್ಪತ್ರೆಗಳ 75,000ಕ್ಕೂ ಹೆಚ್ಚು ಸಿಬ್ಬಂದಿ ಕೆಲಸ ನಿಲ್ಲಿಸಿದ್ದರು. ಸಂಘಗಳನ್ನು ಮೆಚ್ಚುವ ಅಮೆರಿಕನ್ನರು ಶೇ 67 ಎಂದು ಗ್ಯಾಲಪ್ ಸಮೀಕ್ಷೆ ಹೇಳಿತು. ಸಂಘದ ಸದಸ್ಯರಾದ ನೌಕರರು ಮಾತ್ರ ಶೇ 10.

ಸುಳ್ಳು ಲೆಕ್ಕ ಮತ್ತು ಕೂಲಿಯ ಪ್ರಶ್ನೆ ಒಂದೇ ಎಂಬುದಕ್ಕೆ ಅಟಾರ್ನಿ ಜನರಲ್ ಕಚೇರಿಯ ಕಡತಗಳೇ ಸಾಕ್ಷಿ. ಟ್ರಂಪ್ ವಿಚಾರಣೆ ಶುರುವಾಗಿ ತಿಂಗಳಾಗುವಷ್ಟರಲ್ಲಿ, 2023ರ ನವೆಂಬರ್ 2ರಂದು, ಅದೇ ಕಚೇರಿ ಊಬರ್ ಮತ್ತು ಲಿಫ್ಟ್ ಕಂಪನಿಗಳಿಂದ ಚಾಲಕರಿಗಾಗಿ 32.8 ಕೋಟಿ ಡಾಲರ್ ವಸೂಲಿಯ ಒಪ್ಪಂದ ಮಾಡಿಕೊಂಡಿತು. ಪ್ರಯಾಣಿಕರು ಕೊಡಬೇಕಿದ್ದ ಮಾರಾಟ ತೆರಿಗೆ ಮತ್ತಿತರ ಶುಲ್ಕವನ್ನು ಚಾಲಕರ ದುಡಿಮೆಯಿಂದ ಮುರಿದುಕೊಳ್ಳಲಾಗಿತ್ತು ಎಂಬುದು ಆರೋಪ. ಇಂಥದ್ದು ಅಮೆರಿಕದಲ್ಲಿ ಮಾತ್ರವಲ್ಲ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್‌ಗಾಗಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ 2020ರ ಡಿಸೆಂಬರ್‌ನಲ್ಲಿ ದಾಂಧಲೆಗೆ ಸಿಕ್ಕಾಗ ಮೊದಲ ಸುದ್ದಿಯೆಲ್ಲ ಒಡೆದ ಗಾಜಿನದೇ. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಡದೆ ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾಗಿದೆ ಎಂದು ವಾರ ಕಳೆದ ಮೇಲೆ ಆಪಲ್ ಒಪ್ಪಿಕೊಂಡಿತು. ಗಾಜು ಒಡೆದದ್ದನ್ನು ಸಮರ್ಥಿಸಬೇಕಿಲ್ಲ. ಆದರೆ ಲೆಕ್ಕ ತಪ್ಪಿದ್ದು ಮೊದಲು, ಗಾಜು ಒಡೆದದ್ದು ಆಮೇಲೆ.

ಟ್ರಂಪ್ ಮೇಲಿನ ಮೊಕದ್ದಮೆಗೆ ರಾಜಕೀಯದ ವಾಸನೆ ಇದೆ ಎಂಬ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಲೆಟಿಷಿಯಾ ಜೇಮ್ಸ್ 2018ರ ಚುನಾವಣೆಯಲ್ಲಿ ಟ್ರಂಪ್‌ರನ್ನು ಬಿಡುವುದಿಲ್ಲ ಎಂದೇ ಮತ ಕೇಳಿದ್ದರು. 2024ರ ಫೆಬ್ರುವರಿಯಲ್ಲಿ ಎಂಗೊರಾನ್ ವಿಧಿಸಿದ ದಂಡ ಬಡ್ಡಿ ಸೇರಿ 45 ಕೋಟಿ ಡಾಲರ್ ದಾಟಿತ್ತು; ಅದು ವಿಪರೀತ, ಸಂವಿಧಾನ ಮೀರಿದ್ದು ಎಂದು 2025ರ ಆಗಸ್ಟ್‌ನಲ್ಲಿ ಮೇಲ್ಮನವಿ ಪೀಠ ದಂಡವನ್ನೇ ರದ್ದು ಮಾಡಿತು. ಐವರು ನ್ಯಾಯಾಧೀಶರಲ್ಲೇ ತೀವ್ರ ಭಿನ್ನಮತವಿತ್ತು. ವಂಚನೆ ನಡೆದಿದೆ ಎಂಬ ತೀರ್ಮಾನ ಮಾತ್ರ ಉಳಿಯಿತು. ದಂಡ ರದ್ದಾದದ್ದಕ್ಕೆ ನನಗೆ ದುಃಖವಿಲ್ಲ. ಅಪರಾಧಕ್ಕೂ ಶಿಕ್ಷೆಗೂ ಪ್ರಮಾಣ ಇರಬೇಕೆಂಬುದೂ ಅಳತೆಯ ನಿಯಮವೇ. ಆದರೆ ಆರಿಸಿ ಹಿಡಿದರು ಎಂಬ ದೂರಿಗೆ ಪರಿಹಾರ ಹಿಡಿದವರನ್ನು ಬಿಡುವುದಲ್ಲ, ಬಿಟ್ಟವರ ಪಟ್ಟಿಯನ್ನೂ ತೆರೆದು ನೋಡುವುದು.

ಹಾಗಿದ್ದರೆ ಎರಡು ಸೇರಿನ ಮೇಲೆ ಸಿಟ್ಟಾದ ಕಾರ್ಮಿಕರೇ 2024ರ ನವೆಂಬರ್‌ನಲ್ಲಿ ಮಿಷಿಗನ್ನಿನಲ್ಲಿ ಟ್ರಂಪ್‌ರನ್ನು ಗೆಲ್ಲಿಸಿದ್ದೇಕೆ? ಎಲ್ಲ ಕಾರ್ಮಿಕರೂ ಹಾಗೆ ಮಾಡಲಿಲ್ಲ, ವಾಹನ ಕಾರ್ಮಿಕರ ಸಂಘ ಎದುರಾಳಿ ಕಮಲಾ ಹ್ಯಾರಿಸ್ ಪರ ನಿಂತಿತ್ತು. ಆದರೂ ಪ್ರಶ್ನೆಯನ್ನು ಜಾರಿಸುವಂತಿಲ್ಲ. ಸಂಯುಕ್ತ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಆ ಅವಧಿಯಲ್ಲಿ ಡೆಮಾಕ್ರಟ್ ಅಧ್ಯಕ್ಷರೇ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಅಳತೆಯೇ ಮೋಸ, ಅದನ್ನು ಯಾರೂ ಸರಿಪಡಿಸುವುದಿಲ್ಲ ಎಂದು ಮನಸ್ಸಿಗೆ ಬಂದ ಮೇಲೆ ಮೋಸವನ್ನು ಬಚ್ಚಿಡುವವರಿಗಿಂತ ಬಾಯಿಬಿಟ್ಟು ಹೇಳುವವನೇ ಪ್ರಾಮಾಣಿಕ ಎನಿಸುತ್ತಾನೆ. ತೆರಿಗೆ ತಪ್ಪಿಸುವುದು ಜಾಣತನ ಎಂದು 2016ರ ಚುನಾವಣಾ ಚರ್ಚೆಯಲ್ಲೇ ಟ್ರಂಪ್ ಹೇಳಿದ್ದರು. ಆ ಜಾಣತನ ತಮ್ಮ ಪರ ಕೆಲಸ ಮಾಡೀತು ಎಂದು ಅನೇಕರು ನಂಬಿದರು. ಆದರೆ 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ವಾರಕ್ಕೇ ಅವರು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಸದಸ್ಯೆಯೊಬ್ಬರನ್ನು ತೆಗೆದುಹಾಕಿದರು. ಕೋರಂ ಇಲ್ಲದೆ ಮಂಡಳಿ ತೀರ್ಪು ಕೊಡಲಾಗದೆ ಕೂತಿತು.

ಕೂಲಿಯ ಲೆಕ್ಕ ತಪ್ಪಿದ ಹಳೆಯ ಕಥೆಯೊಂದು ಟ್ರಂಪ್ ಆಸ್ತಿಯ ಅಡಿಯಲ್ಲೇ ಇದೆ. ಟ್ರಂಪ್ ಟವರ್ ನಿಂತಿರುವ ಜಾಗದಲ್ಲಿ ಮೊದಲು ಬಾನ್‌ವಿಟ್ ಟೆಲ್ಲರ್ ಎಂಬ ಅಂಗಡಿಯ ಕಟ್ಟಡವಿತ್ತು. 1980ರಲ್ಲಿ ಅದನ್ನು ಕೆಡವಿದವರಲ್ಲಿ ದಾಖಲೆಪತ್ರವಿಲ್ಲದ ಸುಮಾರು ಇನ್ನೂರು ಪೋಲಿಷ್ ಕೂಲಿಗಳಿದ್ದರು. ಹನ್ನೆರಡು ಗಂಟೆ ಪಾಳಿ, ಅನೇಕರ ತಲೆಗೆ ಹೆಲ್ಮೆಟ್ ಇಲ್ಲ, ಗಂಟೆಗೆ ನಾಲ್ಕೈದು ಡಾಲರ್, ಅದೂ ಕೆಲವರಿಗೆ ಬರಲಿಲ್ಲ. ಅವರ ಗಂಟೆಗಳ ಲೆಕ್ಕಕ್ಕೆ ಸಂಘದ ಪಿಂಚಣಿ ನಿಧಿಗೆ ಹೋಗಬೇಕಿದ್ದ ಹಣ ಹೋಗಲಿಲ್ಲ ಎಂದು 1983ರಲ್ಲಿ ದಾವೆ ಬಿತ್ತು. ಅವರು ದಾಖಲೆಯಿಲ್ಲದವರೆಂಬುದು ತನಗೆ ಗೊತ್ತಿರಲಿಲ್ಲ ಎಂಬುದು ಟ್ರಂಪ್ ಉತ್ತರ. ನಿಧಿಗೆ ವಂಚಿಸಿದ್ದರಲ್ಲಿ ಟ್ರಂಪ್ ಪಾತ್ರವಿದೆ ಎಂದು 1991ರಲ್ಲಿ ನ್ಯಾಯಾಧೀಶರು ಹೇಳಿದರು. ಮೇಲ್ಮನವಿಯಲ್ಲಿ ಎಳೆದಾಡಿ 1998ರಲ್ಲಿ ರಾಜಿಯಾಯಿತು. 13.75 ಲಕ್ಷ ಡಾಲರ್ ಎಂಬ ರಾಜಿಯ ಮೊತ್ತ ಮೊಹರಾದ ಲಕೋಟೆಯಲ್ಲೇ ಉಳಿದು, 2017ರಲ್ಲಿ ನ್ಯಾಯಾಲಯ ಆದೇಶಿಸಿದ ಮೇಲೆ ಹೊರಬಂತು. ಒಂದು ಸಣ್ಣ ಪಿಂಚಣಿ ಲೆಕ್ಕಕ್ಕೆ ಹದಿನೈದು ವರ್ಷ.

ಇಂದಿನ ಕೂಲಿಕಾರರಿಗೆ ಆ ಹದಿನೈದು ವರ್ಷದ ದಾರಿಯೂ ಮುಚ್ಚುತ್ತಿದೆ. ಅಮೆರಿಕದ ಖಾಸಗಿ ವಲಯದಲ್ಲಿ ಸಂಘವಿಲ್ಲದ ನೌಕರರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು, ಸುಮಾರು 6 ಕೋಟಿ ಜನ, ತಕರಾರು ಬಂದರೆ ಕೋರ್ಟಿಗೆ ಹೋಗದೆ ಖಾಸಗಿ ಪಂಚಾಯಿತಿಗೆ ಒಪ್ಪುತ್ತೇವೆಂದು ಕೆಲಸಕ್ಕೆ ಸೇರುವ ದಿನವೇ ಸಹಿ ಹಾಕಿರುತ್ತಾರೆ ಎಂದು ಆರ್ಥಿಕ ನೀತಿ ಸಂಸ್ಥೆಯ ಅಧ್ಯಯನ ಅಂದಾಜು ಮಾಡಿದೆ. ಒಟ್ಟಾಗಿ ದಾವೆ ಹೂಡುವ ಹಕ್ಕನ್ನೂ ಈ ಸಹಿಯಲ್ಲೇ ಬಿಟ್ಟುಕೊಡಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ತೀರ್ಪಿತ್ತಿತು. ಟ್ರಂಪ್ ಪಟ್ಟಿಗಳ ಲೆಕ್ಕವಾದರೂ ತೆರೆದ ನ್ಯಾಯಾಲಯದಲ್ಲಿ ಎರಡೂವರೆ ತಿಂಗಳು ಚರ್ಚೆಯಾಯಿತು, ಕೂಲಿಯ ಲೆಕ್ಕಕ್ಕೆ ಆ ಬೆಳಕಿಲ್ಲ. ಕೂಲಿ ಮತ್ತು ಕೆಲಸದ ಗಂಟೆಗಳ ಸಂಯುಕ್ತ ಕಾನೂನು ಪಾಲನೆ ನೋಡಿಕೊಳ್ಳಲು ಆ ದೇಶದಲ್ಲಿರುವ ತನಿಖಾಧಿಕಾರಿಗಳು ಸಾವಿರಕ್ಕೂ ಕಡಿಮೆ, ನೋಡಿಕೊಳ್ಳಬೇಕಾದ ನೌಕರರು 16 ಕೋಟಿಗೂ ಹೆಚ್ಚು. ಟ್ರಂಪ್ ಪ್ರಕರಣ 2025ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ದಂಡ ಮರಳಿದರೂ ಮರಳದಿದ್ದರೂ ಪಂಚಾಯಿತಿಗೆ ಸಹಿ ಹಾಕಿದವರ ಅಂಕಿಯಾಗಲಿ ತನಿಖಾಧಿಕಾರಿಗಳ ಅಂಕಿಯಾಗಲಿ ಬದಲಾಗುವುದಿಲ್ಲ. ಅವನ್ನು ಬದಲಿಸಬೇಕಾದದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್. ಪಂಚಾಯಿತಿ ಕರಾರುಗಳನ್ನು ನಿಷೇಧಿಸುವ ಮಸೂದೆಯೊಂದು 2022ರಲ್ಲಿ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ಹಾಗೇ ಬಿದ್ದುಹೋಯಿತು. ಕಾರ್ಮಿಕರ ಹೆಸರಿನಲ್ಲಿ ಮತ ಕೇಳುವ ಎರಡೂ ಪಕ್ಷಗಳ ಮುಂದೆ ಮೊದಲು ಇಡಬೇಕಾದ ಕಾಗದ ಆ ಮಸೂದೆ.